ಟ್ಯಾಂಕ್, ಕರ್ಟ್

(1898–1983). ಜರ್ಮನಿಯ ವಿಮಾನ ವಿನ್ಯಾಸಕರು, ಪರೀಕ್ಷಾ ಪೈಲಟ್. ಬೆಂಗಳೂರಿನಲ್ಲಿ ಭಾರತದ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮರುತ್ ರೂಪುಗೊಂಡದ್ದು ಇವರ ಮುಂದಾಳತ್ವದಲ್ಲಿ.

ಹುಟ್ಟಿದ್ದು ಇಂದು ಪೋಲೆಂಡಿಗೆ ಸೇರಿರುವ ಬ್ರೋಂಬರ್ಗ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದರು. 1931ರಲ್ಲಿ ಫೋಕೆ-ವುಲ್ಫ್ ಕಂಪನಿ ಸೇರಿದರು. ಅಲ್ಲಿ ಇವರು ರೂಪಿಸಿದ ಕಾಂಡೋರ್ ಪ್ರಯಾಣಿಕ ವಿಮಾನ 1938ರ ಆಗಸ್ಟ್‌ನಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕಿಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ಹಾರಿತು. ಮರುವರ್ಷ ಹಾರಿದ ಎಫ್‌ಡಬ್ಲ್ಯು-190 ಯುದ್ಧವಿಮಾನದಲ್ಲಿ ಟ್ಯಾಂಕ್ ಬಯಸಿದ್ದು ಪಂದ್ಯದ ಕುದುರೆಯನ್ನಲ್ಲ, ದಂಡಿನ ಕುದುರೆಯನ್ನು: ಒರಟು ನೆಲದಲ್ಲಿ ಇಳಿಯಬೇಕು, ಗುಂಡು ತಗುಲಿದರೂ ಮನೆಗೆ ಮರಳಬೇಕು. ತಾವು ರೂಪಿಸಿದ್ದನ್ನು ತಾವೇ ಹಾರಿಸಿ ನೋಡುತ್ತಿದ್ದುದರಿಂದ ಪೈಲಟ್ಟನ ಕಷ್ಟ ಇವರಿಗೆ ತಿಳಿದಿತ್ತು. ಆದರೆ ಆ ವಿಮಾನಗಳು ನಾಜಿ ಸರ್ಕಾರಕ್ಕಾಗಿ ತಯಾರಾದವು, ಕಂಪನಿಯ ಕಾರ್ಖಾನೆಗಳಲ್ಲಿ ಬಲವಂತದ ಕಾರ್ಮಿಕರು ದುಡಿದರು. ಇವರ ಸಾಧನೆಯನ್ನು ಅಳೆಯುವಾಗ ಇದನ್ನು ಬದಿಗಿಡಲಾಗದು.

ಯುದ್ಧಾನಂತರ ಬೇರೆ ಹೆಸರಿನಲ್ಲಿ ಅರ್ಜೆಂಟೀನಾ ಸೇರಿ ಪುಲ್ಕಿ-2 ಜೆಟ್ ರೂಪಿಸಿದರು. ಅಲ್ಲಿನ ಪೆರೋನ್ ಸರ್ಕಾರ ಬಿದ್ದ ಬಳಿಕ, 1956ರಲ್ಲಿ, ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್‌ಗೆ ಬಂದರು. ಜೆಟ್ ಯುದ್ಧವಿಮಾನದ ವಿನ್ಯಾಸ ಭಾರತದಲ್ಲಿ ಅದುವರೆಗೆ ನಡೆದಿರಲಿಲ್ಲ. ವಿ. ಎಂ. ಘಾಟಗೆಯಂಥ ಅನುಭವಿಗಳಿದ್ದರೂ ತಂಡದಲ್ಲಿ ಹೆಚ್ಚಿನವರು ಹೊಸಬರು. ಮೊದಲು ಪೂರ್ಣ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಕಟ್ಟಿ, ಡಕೋಟಾ ವಿಮಾನದಿಂದ ಎಳೆಸಿ, 1959ರಲ್ಲಿ ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಮರುತ್ ಅನ್ನು ಮೊದಲ ಬಾರಿಗೆ ಹಾರಿಸಿದರು.

ಟ್ಯಾಂಕ್ ಎಣಿಸಿದ್ದು ಶಬ್ದದ ಎರಡರಷ್ಟು ವೇಗವನ್ನು. ಅದಕ್ಕೆ ನೆಚ್ಚಿದ್ದ ಬ್ರಿಟನ್ನಿನ ಆರ್ಫಿಯಸ್-12 ಎಂಜಿನ್ನಿನ ಅಭಿವೃದ್ಧಿಗೆ ಬ್ರಿಟನ್ ಹಣ ನಿಲ್ಲಿಸಿತು. ಆ ಖರ್ಚನ್ನು ಭಾರತವೂ ಹೊರಲಿಲ್ಲ. ಉಳಿದದ್ದು ಕಡಿಮೆ ಶಕ್ತಿಯ ಎರಡು ಆರ್ಫಿಯಸ್-703 ಎಂಜಿನ್ನುಗಳು. ಈಜಿಪ್ಟಿನ ಎಂಜಿನ್ ಅಳವಡಿಸುವ ಪ್ರಯತ್ನವೂ ಕೈಗೂಡಲಿಲ್ಲ. ಹೆಚ್ಚು ಶಕ್ತಿಯ ಮಾದರಿಯ ಪರೀಕ್ಷೆಯಲ್ಲಿ 1970ರಲ್ಲಿ ದಾಸ್ ಮಡಿದರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ.

ಎಣಿಸಿದ ವೇಗ ದಕ್ಕದ ಕಾರಣಕ್ಕೆ ಮರುತ್ ಸೋತ ವಿಮಾನವೆಂಬ ಮಾತು ಬಂದಿದೆ. ಅದು ವಿನ್ಯಾಸಕ್ಕೆ ಮಾಡಿದ ಅನ್ಯಾಯ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲಮಟ್ಟದ ದಾಳಿಗೆ ಅದು ಅಲುಗದೆ ಹಾರಿತು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಮರಳಿದ್ದೂ ಉಂಟು. ಒಟ್ಟು 147 ಮರುತ್‌ಗಳು ತಯಾರಾದವು.

ಟ್ಯಾಂಕ್ ಕೊನೆಗೆ ಜರ್ಮನಿಗೆ ಮರಳಿ, ಸಲಹೆಗಾರರಾಗಿ ದುಡಿದು, ಮ್ಯೂನಿಕ್‌ನಲ್ಲಿ ತೀರಿಕೊಂಡರು.