ಧಾರಾವಾಹಿಯ ಹೊತ್ತು, ಪಾಳಿಯ ಹೊತ್ತು

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಹೊತ್ತನ್ನು ಅಳೆಯುವುದು ಪಾಳಿಯಿಂದ. ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ನೈಟು. ಸೆಕೆಂಡ್ ಶಿಫ್ಟಿನವರು ಮನೆ ಮುಟ್ಟುವಷ್ಟರಲ್ಲಿ ರಾತ್ರಿ ಹತ್ತು ದಾಟಿರುತ್ತದೆ, ಕನ್ನಡ ವಾಹಿನಿಗಳ ಮುಖ್ಯ ಧಾರಾವಾಹಿಗಳು ಮುಗಿದಿರುತ್ತವೆ. ಪಾಳಿ ಬದಲಾದಂತೆ ಒಂದು ವಾರ ಕಥೆ ಸಿಗುತ್ತದೆ, ಮುಂದಿನ ವಾರ ತಪ್ಪುತ್ತದೆ. ತಪ್ಪಿದ ಕಥೆಯನ್ನು ಊಟಕ್ಕೆ ಬಡಿಸುತ್ತ ಮನೆಯವರು ಹೇಳುತ್ತಾರೆ. ನಿವೃತ್ತರಾದ ಲೇಥ್ ಕಾರ್ಮಿಕರೊಬ್ಬರು ನನಗೆ ಹೇಳಿದ್ದು ಇಷ್ಟು: "ಅರ್ಧಾ ಸೀರಿಯಲ್ ನಾ ನೋಡೇನ್ರಿ, ಇನ್ನರ್ಧಾ ನಮ್ಮ ಮನಿಯಾಕಿ ಬಾಯಿಲೆ ಕೇಳೇನಿ."

ಟಿವಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪರದೆಯ ಮೇಲೆ ಏನು ಬಂತು ಎಂಬುದನ್ನು ಬರೆಯುತ್ತಾರೆ. ಅದು ಯಾವಾಗ ಬಂತು, ಆ ಹೊತ್ತಿಗೆ ಯಾರು ಮನೆಯಲ್ಲಿದ್ದರು ಎಂಬುದೂ ಅಷ್ಟೇ ಮುಖ್ಯವಾದ ಚರಿತ್ರೆ. ಡಿಜಿಟಲ್ ರೆಕಾರ್ಡರ್ ಎಂಬ ಪೆಟ್ಟಿಗೆ ನಮ್ಮಲ್ಲಿಗೆ ಬರುವ ಮುಂಚೆ ಹುಟ್ಟಿಸಿದ ನಿರೀಕ್ಷೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಕರ್ನಾಟಕದ ಹಳ್ಳಿಗಳಿಗೆ ಟಿವಿ ಬಂದದ್ದೇ ಒಂದು ವೇಳಾಪಟ್ಟಿಯಾಗಿ. 1975ರ ಆಗಸ್ಟ್ 1ರಂದು ಆರಂಭವಾದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಹೋದವು. ನಮ್ಮಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಇಡೀ ಊರಿಗೆ ಒಂದು ಸೆಟ್ಟು. ಹೊಲದಿಂದ ತಡವಾಗಿ ಬಂದವರಿಗೆ ಅಂದಿನ ಪಾಠ ಇಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿದು ಉಪಗ್ರಹ ತನ್ನ ದಾರಿ ಹಿಡಿಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಶುರುವಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅಂದರೆ ಈ ಒಂದು ವಿಷಯದಲ್ಲಿ ರಾಜಧಾನಿ ಗುಲ್ಬರ್ಗಾಕ್ಕಿಂತ ಹಿಂದೆ ಇತ್ತು.

1982ರಲ್ಲಿ ಬಣ್ಣ ಬಂತು, ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು. 1987ರ ಜನವರಿಯಿಂದ 'ರಾಮಾಯಣ' ಭಾನುವಾರದ ಬೆಳಗನ್ನು ತನ್ನದಾಗಿಸಿಕೊಂಡಿತು. 1990ರ ದಶಕದ ಕೊನೆಯಲ್ಲಿ ಟಿ.ಎನ್. ಸೀತಾರಾಂ ಮತ್ತು ಗೆಳೆಯರ 'ಮಾಯಾಮೃಗ' ಸಂಜೆ ನಾಲ್ಕೂವರೆಗೆ ಬರುತ್ತಿತ್ತು. ಆ ಹೊತ್ತು ಮನೆಗೆಲಸದ ನಡುವೆ ಹೆಂಗಸರಿಗೆ ಸಿಗುವ ಸಣ್ಣ ಬಿಡುವು. ಜನರ ಬಿಡುವನ್ನು ನೋಡಿ ಪ್ರಸಾರದವರು ಹೊತ್ತು ಗೊತ್ತುಮಾಡುತ್ತಿದ್ದರು, ಆ ಹೊತ್ತಿಗೆ ಸರಿಯಾಗಿ ಜನ ತಮ್ಮ ಕೆಲಸ ಹೊಂದಿಸಿಕೊಳ್ಳುತ್ತಿದ್ದರು. ಪಾಳಿಯ ಕೆಲಸಗಾರರು, ರಾತ್ರಿ ಡ್ಯೂಟಿಯ ನರ್ಸುಗಳು, ಬಸ್ ಚಾಲಕರು ಮಾತ್ರ ಈ ಹೊಂದಾಣಿಕೆಯ ಹೊರಗೆ ಉಳಿದರು.

ಹೊರದೇಶಗಳಲ್ಲಿ ಈ ಕಟ್ಟನ್ನು ಮೊದಲು ಸಡಿಲಿಸಿದ್ದು ವಿಸಿಆರ್. ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಬಂದವು. ಪ್ರಸಾರವಾಗುವಾಗ ಮುದ್ರಿಸಿಕೊಂಡು ಬೇಕಾದಾಗ ನೋಡುವುದೇ ಅವುಗಳ ಆಕರ್ಷಣೆ. ಸಿನಿಮಾ ಕಂಪನಿಗಳು ಕೋರ್ಟಿಗೆ ಹೋದವು. 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತ ತೀರ್ಪಿನಲ್ಲಿ, ಮನೆಯಲ್ಲಿ ನಂತರ ನೋಡಲೆಂದು ಮುದ್ರಿಸಿಕೊಳ್ಳುವುದು ತಪ್ಪಲ್ಲ ಎಂದಿತು. ಅದೇ ವರ್ಷ ಭಾರತದಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಅದರ ಗುರಿ ವಿಡಿಯೋ ಕಳ್ಳನಕಲನ್ನು ಹತ್ತಿಕ್ಕುವುದು.

ಒಂದೇ ಯಂತ್ರ ಎರಡು ದೇಶಗಳಲ್ಲಿ ಎರಡು ಬಗೆಯ ಪ್ರಶ್ನೆ ಎತ್ತಿತು. ಇರುವುದು ಒಂದೇ ವಾಹಿನಿಯಾದರೆ ಮುದ್ರಿಸಿಕೊಳ್ಳುವುದಾದರೂ ಏನನ್ನು? ನಮ್ಮಲ್ಲಿ ವಿಸಿಆರ್ ಬಂದದ್ದು ಸಿನಿಮಾ ತೋರಿಸುವ ಯಂತ್ರವಾಗಿ. ರೆಕಾರ್ಡ್ ಗುಂಡಿಯೇ ಇಲ್ಲದ ವಿಸಿಪಿ ಅದಕ್ಕಿಂತ ಹೆಚ್ಚು ಪ್ರಚಾರಕ್ಕೆ ಬಂತು. ಗಣೇಶ ಹಬ್ಬಕ್ಕೋ ಮದುವೆ ಮನೆಗೋ ಒಂದು ರಾತ್ರಿಗೆ ಟಿವಿ, ವಿಸಿಪಿ, ಮೂರು ಕ್ಯಾಸೆಟ್ ಬಾಡಿಗೆಗೆ ತಂದು ಬೆಳಗಿನವರೆಗೆ ನೋಡುವುದು ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ನಡೆಯುತ್ತಿತ್ತು. ವಿಸಿಆರ್ ಇದ್ದ ಕೆಲವೇ ಮನೆಗಳವರು ಮಾತ್ರ ದೂರದರ್ಶನದ ಕಾರ್ಯಕ್ರಮಗಳನ್ನೂ ಕ್ಯಾಸೆಟ್ಟಿಗೆ ಹತ್ತಿಸಿದರು. ಆ ಕೆಲವರ ಋಣ ಎಂಥದ್ದು ಎಂಬುದನ್ನು ಮುಂದೆ ಹೇಳುತ್ತೇನೆ.

ರಿಮೋಟ್‌ನ ಕಥೆಯೂ ಇದಕ್ಕೆ ಸೇರಿದ್ದೇ. ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ತಂತಿ ಇದ್ದ ರಿಮೋಟನ್ನೂ, 1955ರಲ್ಲಿ ಬೆಳಕಿನಿಂದ, 1956ರಲ್ಲಿ ಕಿವಿಗೆ ಕೇಳದ ಶಬ್ದದಿಂದ ಕೆಲಸ ಮಾಡುವವನ್ನೂ ತಂದಿತು. ನಮ್ಮ ಮನೆಗಳಿಗೆ ಬಂದದ್ದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನದು. ಪ್ಲಾಸ್ಟಿಕ್ ಹೊದಿಕೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಸೆಲ್ ಸೋತಾಗ ಅಂಗೈಗೆ ಬಡಿದು ಬಳಸಿದೆವು. ಕೇಬಲ್ ಬಂದು ವಾಹಿನಿಗಳು ಹೆಚ್ಚಿದ ಮೇಲೆ ಅದು ಮನೆಯ ಯಜಮಾನಿಕೆಯ ಗುರುತಾಯಿತು. ಅಪ್ಪ ಕೆಲಸದಿಂದ ಬಂದರೆ ರಿಮೋಟ್ ಕೈ ಬದಲಾಗುತ್ತಿತ್ತು. ಅವ್ವನ ಧಾರಾವಾಹಿ ಅರ್ಧಕ್ಕೆ ನಿಂತು ವಾರ್ತೆ ಶುರುವಾಗುತ್ತಿತ್ತು.

ಡಿಜಿಟಲ್ ರೆಕಾರ್ಡರ್ ಈ ಜಗಳಕ್ಕೆ ಪರಿಹಾರ ಎಂದೇ ಬಂದಿತು. ಅಮೆರಿಕದಲ್ಲಿ ಟಿವೋ 1999ರಲ್ಲಿ ಮಾರುಕಟ್ಟೆಗೆ ಬಂತು. ಭಾರತದಲ್ಲಿ 2003ರಲ್ಲಿ ಡಿಶ್ ಟಿವಿಯಿಂದ ಡಿಟಿಎಚ್ ಶುರುವಾಗಿ, 2008ರಲ್ಲಿ ಟಾಟಾ ಸ್ಕೈ ಪ್ಲಸ್ ಎಂಬ ರೆಕಾರ್ಡರ್ ಬಂತು. ಒಳಗೆ ಒಂದು ಹಾರ್ಡ್ ಡಿಸ್ಕ್. ನೋಡುತ್ತಿರುವ ವಾಹಿನಿಯನ್ನು ಪೆಟ್ಟಿಗೆ ಸದ್ದಿಲ್ಲದೆ ಡಿಸ್ಕಿಗೆ ಬರೆಯುತ್ತಲೇ ಇರುತ್ತದೆ. ಆದ್ದರಿಂದಲೇ 'ಪಾಸ್' ಒತ್ತಿದರೆ ನೇರ ಪ್ರಸಾರವೂ ನಿಲ್ಲುತ್ತದೆ. ಎರಡು ಟ್ಯೂನರ್ ಇರುವುದರಿಂದ ಒಂದನ್ನು ನೋಡುತ್ತ ಇನ್ನೊಂದನ್ನು ಮುದ್ರಿಸಿಕೊಳ್ಳಬಹುದು. ಉಪಗ್ರಹದಿಂದಲೇ ಬರುವ ಕಾರ್ಯಕ್ರಮ ಪಟ್ಟಿಯಲ್ಲಿ ಬೇಕಾದ ಧಾರಾವಾಹಿಯನ್ನು ಆರಿಸಿ ರಿಮೋಟಿನ ಒಂದು ಗುಂಡಿ ಒತ್ತಿದರೆ ಆಯಿತು. ವಿಸಿಆರ್‌ನ ಟೈಮರ್ ಜೊತೆ ಗುದ್ದಾಡಿದವರಿಗೆ ಇದು ನಿಜಕ್ಕೂ ದೊಡ್ಡ ಮಾತು. ಕೆಲವೇ ವರ್ಷಗಳಲ್ಲಿ, ಮನೆಯಲ್ಲಿ ಇಲ್ಲದಿದ್ದರೂ ಮೊಬೈಲಿನಿಂದ ರೆಕಾರ್ಡಿಂಗ್ ಹಚ್ಚಬಹುದು ಎಂಬ ಜಾಹೀರಾತುಗಳೂ ಬಂದವು. ಸೆಕೆಂಡ್ ಶಿಫ್ಟಿನವರಿಗಾಗಿಯೇ ಮಾಡಿದಂಥ ಸೌಲಭ್ಯ ಅದು.

ಆದರೆ ಅದು ಅವರ ಮನೆಗೆ ಬರಲಿಲ್ಲ. ಆ ಪೆಟ್ಟಿಗೆ ಸಾಮಾನ್ಯ ಪೆಟ್ಟಿಗೆಗಿಂತ ತುಂಬ ದುಬಾರಿ. ಇತ್ತ ಕೇಬಲ್ ಇನ್ನೂ ಹಳೆಯ ಅನಲಾಗ್ ಪದ್ಧತಿಯಲ್ಲೇ ಇತ್ತು. ಕೇಬಲ್ ಡಿಜಿಟಲೀಕರಣದಲ್ಲಿ ಬೆಂಗಳೂರು, ಮೈಸೂರು ಎರಡನೇ ಹಂತದಲ್ಲಿ, 2013ರ ಮಾರ್ಚ್ ಗಡುವಿಗೆ ಬಂದವು. ಹತ್ತು ಲಕ್ಷ ಜನಸಂಖ್ಯೆಗೆ ತುಸು ಕಡಿಮೆ ಇದ್ದ ಹುಬ್ಬಳ್ಳಿ-ಧಾರವಾಡ ಮೂರನೇ ಹಂತಕ್ಕೆ ಬಿತ್ತು. ಅದರ ಗಡುವು 2015ರ ಡಿಸೆಂಬರ್ 31. ಮರುವರ್ಷವೇ ಜಿಯೋ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. ಧಾರಾವಾಹಿಗಳು ವಾಹಿನಿಗಳ ಆ್ಯಪ್‌ಗಳಿಗೆ ಬಂದವು. ಜನ ರೆಕಾರ್ಡರನ್ನು ಕಾಯುವುದನ್ನೇ ಮರೆತರು. ಇಂದು ತಾರಿಹಾಳದಿಂದ ರಾತ್ರಿ ಹೊರಡುವ ಬಸ್ಸಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅಂದಿನ ಕಂತು ನೋಡುವವರು ಸಿಗುತ್ತಾರೆ. ಕಥೆ ಹೇಳಲು ಮನೆಯಲ್ಲಿ ಯಾರೂ ಕಾಯಬೇಕಿಲ್ಲ.

ಹೊತ್ತಿನ ಸಮಸ್ಯೆ ಹೀಗೆ ಬಗೆಹರಿಯಿತು. ಉಳಿಸಿಕೊಳ್ಳುವ ಸಮಸ್ಯೆ ಮಾತ್ರ ಮೊದಲಿಗಿಂತ ಕಠಿಣವಾಗಿದೆ. ವಿಎಚ್‌ಎಸ್ ಕ್ಯಾಸೆಟ್ಟನ್ನು ಪಕ್ಕದ ಮನೆಗೆ ಕೊಡಬಹುದಿತ್ತು, ಮೂವತ್ತು ವರ್ಷದ ಮೇಲೆ ಯಾವುದಾದರೂ ಯಂತ್ರಕ್ಕೆ ಹಾಕಿ ನೋಡಬಹುದಿತ್ತು. ಡಿಟಿಎಚ್ ರೆಕಾರ್ಡರಿನ ಡಿಸ್ಕಿನಲ್ಲಿರುವುದು ಗೂಢಲಿಪಿಯಲ್ಲಿರುತ್ತದೆ, ಆ ಪೆಟ್ಟಿಗೆಯಲ್ಲಿ ಮಾತ್ರ ತೆರೆಯುತ್ತದೆ. ಪೆಟ್ಟಿಗೆ ಕೆಟ್ಟರೆ ಮುದ್ರಿಸಿದ್ದೆಲ್ಲ ಹೋಯಿತು. ಆ್ಯಪಿನಲ್ಲಂತೂ ನಮ್ಮ ಕೈಗೆ ಏನೂ ಬರುವುದಿಲ್ಲ. ಹಕ್ಕು ಮುಗಿದ ದಿನ ಧಾರಾವಾಹಿ ಪಟ್ಟಿಯಿಂದ ಮಾಯವಾಗುತ್ತದೆ.

ಹಾಗಾದರೆ ಇಡುವವರು ಯಾರು? 1954ರ ಕಾಯ್ದೆಯಂತೆ ಭಾರತದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಪ್ರತಿಯನ್ನು ನಿಗದಿತ ಗ್ರಂಥಾಲಯಗಳಿಗೆ ಕಳಿಸಬೇಕು. ಟಿವಿ ಪ್ರಸಾರಕ್ಕೆ ಅಂಥ ನಿಯಮವಿಲ್ಲ. ವಾಹಿನಿಗಳು ಪ್ರಸಾರ ಮಾಡಿದ್ದನ್ನು 90 ದಿನ ಇಟ್ಟುಕೊಂಡರೆ ಸಾಕು ಎಂದು ಸರ್ಕಾರದ ಅಪ್‌ಲಿಂಕಿಂಗ್ ಮಾರ್ಗಸೂಚಿ ಹೇಳುತ್ತದೆ. ಅದೂ ದೂರು ಬಂದರೆ ಪರಿಶೀಲಿಸಲು ಅನುಕೂಲವಾಗಲಿ ಎಂದು. ಫ್ರಾನ್ಸಿನಲ್ಲಿ 1992ರ ಕಾನೂನು ರೇಡಿಯೋ, ಟಿವಿ ಪ್ರಸಾರಗಳನ್ನೂ ಪುಸ್ತಕದಂತೆಯೇ ಸಂಗ್ರಹಿಸಬೇಕೆಂದು ವಿಧಿಸಿತು. ನಮ್ಮಲ್ಲಿ ತೊಂಬತ್ತೊಂದನೆಯ ದಿನಕ್ಕೆ ಯಾರ ಹೊಣೆಯೂ ಇಲ್ಲ. ಕನ್ನಡದ ಒಂದು ಮಧ್ಯಮ ದರ್ಜೆಯ ಕಾದಂಬರಿ ಯಾವುದಾದರೂ ಗ್ರಂಥಾಲಯದ ಕಪಾಟಿನಲ್ಲಿ ಧೂಳು ತಿನ್ನುತ್ತಲಾದರೂ ಇರುತ್ತದೆ. ಲಕ್ಷಾಂತರ ಮನೆಗಳು ವರ್ಷಗಟ್ಟಲೆ ನೋಡಿದ ಧಾರಾವಾಹಿ ಹುಡುಕಿದರೂ ಸಿಗದೇ ಹೋಗಬಹುದು.

ವಿಸಿಆರ್ ಇದ್ದ ಕೆಲವರ ಋಣ ಎಂದದ್ದು ಇದಕ್ಕೆ. ಮದುವೆಯ ವಿಡಿಯೋ ಮುಗಿದ ಮೇಲೆ ಉಳಿದ ಟೇಪಿನಲ್ಲಿ ಅವರು ವಾರ್ತೆ, ನಾಟಕ, 'ಚಿತ್ರಮಂಜರಿ'ಯ ಹಾಡು, ನಡುವಿನ ಜಾಹೀರಾತು ಎಲ್ಲವನ್ನೂ ಹತ್ತಿಸಿದ್ದಾರೆ. ತಮಗೆ ಬೇಕೆಂದು ಮಾಡಿಕೊಂಡದ್ದು ಈಗ ನನ್ನಂಥ ಸಂಶೋಧಕರಿಗೆ ಆಕರ. ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಅಂಥ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಮಳೆಗಾಲದ ತೇವಕ್ಕೆ ಟೇಪಿಗೆ ಬೂಸು ಹಿಡಿಯುತ್ತದೆ, ಬೂಸು ಹಿಡಿದದ್ದನ್ನು ಯಂತ್ರಕ್ಕೆ ಹಾಕಿದರೆ ಟೇಪೂ ಯಂತ್ರವೂ ಎರಡೂ ಕೆಡುತ್ತವೆ. ಒಣ ಜಾಗದಲ್ಲಿ, ಪುಸ್ತಕದಂತೆ ನಿಲ್ಲಿಸಿ ಇಡಿ. ಮೇಲೆ ಒಂದು ಚೀಟಿ ಅಂಟಿಸಿ, ನೆನಪಿದ್ದಷ್ಟು ಬರೆಯಿರಿ: ಯಾವ ವರ್ಷ, ಯಾವ ಊರು, ಯಾರು ಹತ್ತಿಸಿದ್ದು.