ಮ್ಯಾಕ್ರೋದಲ್ಲಿ ಕೋಶದ ವಿಳಾಸ: ಸ್ಥಿರವೋ, ಚರವೋ?

ಸಂಘಸಂಸ್ಥೆಗಳ ಸದಸ್ಯರ ಪಟ್ಟಿಯೂ ಚಂದಾ ಲೆಕ್ಕವೂ ದಫ್ತರದಿಂದ ಎಕ್ಸೆಲ್ ಹಾಳೆಗೆ ಏರಿ ಬಹುಕಾಲವಾಯಿತು. ಚಂದಾ ಬಾಕಿದಾರರನ್ನು ಗುರುತಿಸಲು, ಚುನಾವಣೆಗೆ ಮತದಾರರ ಪಟ್ಟಿ ತೆಗೆಯಲು ಮ್ಯಾಕ್ರೋ ಬರೆದಿಟ್ಟುಕೊಳ್ಳುವ ಕಾರ್ಯದರ್ಶಿಗಳೂ ಉಂಟು. 1993ರಲ್ಲಿ ಎಕ್ಸೆಲ್‌ನ ಐದನೆಯ ಆವೃತ್ತಿಯೊಡನೆ ಬಂದ ವಿಬಿಎ ಭಾಷೆಯಲ್ಲಿಯೇ ಇಂದಿಗೂ ಬಹುಪಾಲು ಮ್ಯಾಕ್ರೋಗಳು ಇವೆ. ಆ ಭಾಷೆಯಲ್ಲಿ ಕೋಶವನ್ನು ನಿರ್ದೇಶಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ. (ಆದೇಶಗಳನ್ನು ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ, ಗಣಕಕ್ಕೆ ಇಂಗ್ಲಿಷ್ ಲಿಪಿಯಲ್ಲಿಯೇ ಊಡಬೇಕು.)

ರೇಂಜ್("ಎ2:ಎ300") ಎಂದು ಬರೆಯುವುದು ಎಲ್ಲಕ್ಕಿಂತ ಸುಲಭ. ಆದರೆ ಉದ್ಧರಣ ಚಿಹ್ನೆಯೊಳಗಿನದು ಬರಿಯ ಅಕ್ಷರಗಳು. ನಡುವೆ ಒಂದು ಸಾಲು ಸೇರಿಸಿದರೆ ಹಾಳೆಯ ಮೇಲಿನ ಸೂತ್ರಗಳು ತಾವೇ ಹೊಂದಿಕೊಳ್ಳುತ್ತವೆ, ಮ್ಯಾಕ್ರೋದೊಳಗಿನ ವಿಳಾಸ ಹೊಂದಿಕೊಳ್ಳುವುದಿಲ್ಲ. 301ನೆಯ ಸಾಲಿನಲ್ಲಿ ಸೇರಿದ ಹೊಸ ಸದಸ್ಯರು ಚಂದಾ ತೆತ್ತೂ ಮತದಾರರ ಪಟ್ಟಿಯಿಂದ ಹೊರಗುಳಿಯುತ್ತಾರೆ. ಗಣಕವು ಯಾವ ದೋಷವನ್ನೂ ತೋರದೆ ಕೆಲಸ ಮುಗಿಸಿಬಿಡುವುದರಿಂದ ಇದು ಮತದಾನದ ದಿನದವರೆಗೂ ತಿಳಿಯದೆ ಹೋಗಬಹುದು.

ಪರಿಹಾರ ಸೆಲ್ಸ್(ಸಾಲು, ಕಾಲಂ) ಎಂಬ ರೂಪದಲ್ಲಿದೆ. ಇಲ್ಲಿ ಎರಡೂ ಸಂಖ್ಯೆಗಳಾದುದರಿಂದ ಅವುಗಳ ಸ್ಥಾನದಲ್ಲಿ ಚರಗಳನ್ನು ಇಡಬಹುದು. ವಿಳಾಸದಲ್ಲಿ ಕಾಲಂ ಮೊದಲು, ಇಲ್ಲಿ ಸಾಲು ಮೊದಲು ಎಂಬುದನ್ನು ಮರೆಯಬಾರದು. ಕೊನೆಯ ಸಾಲನ್ನು ಮ್ಯಾಕ್ರೋ ತಾನೇ ಹುಡುಕಲಿ: ಸೆಲ್ಸ್(ರೋಸ್.ಕೌಂಟ್, 1).ಎಂಡ್(ಎಕ್ಸ್‌ಎಲ್‌ಅಪ್).ರೋ. ಹಾಳೆಯ ತಳದಿಂದ ಮೇಲಕ್ಕೆ ಹೋಗಿ, ತುಂಬಿರುವ ಮೊದಲ ಕೋಶದ ಸಾಲನ್ನು ಇದು ತಿಳಿಸುತ್ತದೆ. ಸದಸ್ಯತ್ವ ಸಂಖ್ಯೆಯಂತೆ ಎಂದೂ ಖಾಲಿ ಬಿಡದ ಕಾಲಂ ಅನ್ನೇ ಆರಿಸಬೇಕು. ದೂರವಾಣಿಯ ಕಾಲಂ ಇದಕ್ಕೆ ಸಲ್ಲದು. ಹಳೆಯ ಮ್ಯಾಕ್ರೋಗಳಲ್ಲಿ ರೋಸ್.ಕೌಂಟ್ ಬದಲು 65536 ಎಂದಿರುವುದುಂಟು. 2007ರ ಆವೃತ್ತಿಯಿಂದ ಹಾಳೆಗೆ 10,48,576 ಸಾಲುಗಳಿರುವುದರಿಂದ ಅದನ್ನು ತಿದ್ದುವುದು ಲೇಸು. ಸಾಲಿನ ಚರವನ್ನು ಲಾಂಗ್ ಎಂದೇ ಘೋಷಿಸಬೇಕು; ಇಂಟಿಜರ್ 32,767ಕ್ಕೆ ನಿಂತುಬಿಡುತ್ತದೆ.

ಕಾಲಂ ಕೂಡ ಸ್ಥಳ ಬದಲಿಸಬಹುದಾದುದರಿಂದ, ಮೊದಲ ಸಾಲಿನ ಶೀರ್ಷಿಕೆಯನ್ನು ಮ್ಯಾಚ್ ಮೂಲಕ ಹುಡುಕಿ ಅದರ ಸಂಖ್ಯೆ ಪಡೆಯುವುದು ಉತ್ತಮ. ಕನ್ನಡದಲ್ಲಿ ಶೀರ್ಷಿಕೆ ಬರೆದವರಿಗೆ ಇಲ್ಲೊಂದು ತೊಡಕಿದೆ. ವಿಬಿಎ ಸಂಪಾದಕವು ಯೂನಿಕೋಡ್ ಅನ್ನು ಬಲ್ಲುದಲ್ಲ. 'ಚಂದಾ' ಎಂದು ಅಲ್ಲಿ ಅಂಟಿಸಿದರೆ ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಕಾಣುತ್ತದೆ. ಕೋಶದಲ್ಲಿರುವ ಕನ್ನಡವನ್ನಾದರೋ ಮ್ಯಾಕ್ರೋ ಸರಿಯಾಗಿಯೇ ಓದುತ್ತದೆ. ಆದುದರಿಂದ ಬೇಕಾದ ಶೀರ್ಷಿಕೆಗಳನ್ನು ಪ್ರತ್ಯೇಕ ಹಾಳೆಯೊಂದರ ಕೋಶಗಳಲ್ಲಿ ಬರೆದಿಟ್ಟು, ಅಲ್ಲಿಂದ ಓದಿಸಿ ಹೋಲಿಸಬೇಕು.

ಹಾಳೆಯ ಹೆಸರು ಹೇಳದೆ ಸೆಲ್ಸ್ ಎಂದಷ್ಟೇ ಬರೆದರೆ, ಸಾಮಾನ್ಯ ಮಾಡ್ಯೂಲ್‌ನಲ್ಲಿ ಅದು ಆ ಕ್ಷಣ ತೆರೆದಿರುವ ಹಾಳೆಗೇ ಅನ್ವಯಿಸುತ್ತದೆ. ಪ್ರತಿ ಸೆಲ್ಸ್‌ಗೂ ಮುನ್ನ ಹಾಳೆಯ ಕೋಡ್‌ನೇಮ್ ಇರಲಿ; ಕೆಳಗಿನ ಪಟ್ಟಿಯಲ್ಲಿ ಹಾಳೆಗೆ ಕನ್ನಡದಲ್ಲಿ ಯಾವ ಹೆಸರಿಟ್ಟರೂ ಅದು ಬದಲಾಗುವುದಿಲ್ಲ.