ದರ್ಶನದಿಂದ ಸ್ಪರ್ಶಕ್ಕೆ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಗಾದೆ. ಸೂಕ್ಷ್ಮದರ್ಶಕದ ಚರಿತ್ರೆಗೆ ಇದಕ್ಕಿಂತ ಉಚಿತವಾದ ಪೀಠಿಕೆ ನನಗೆ ತೋರದು.

ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಲೇವನ್‌ಹುಕ್ ಎಂಬ ಜವಳಿ ವ್ಯಾಪಾರಿಯಿದ್ದ. ಕಾಳುಮೆಣಸಿನ ಖಾರಕ್ಕೆ ಕಾರಣವೇನೆಂದು ತಿಳಿಯಲು ಆತ 1676ರಲ್ಲಿ ಅದನ್ನು ನೀರಿನಲ್ಲಿ ನೆನೆಹಾಕಿ, ತಾನೇ ಸಿದ್ಧಪಡಿಸಿದ ಒಂಟಿ ಮಸೂರದ ಮೂಲಕ ನೋಡಿದ. ಖಾರದ ಗುಟ್ಟು ತಿಳಿಯಲಿಲ್ಲ; ಕಂಡದ್ದು ನೀರಿನಲ್ಲಿ ಓಡಾಡುತ್ತಿದ್ದ ಅತಿಸೂಕ್ಷ್ಮ ಜೀವಿಗಳು. ವಿದ್ವಾಂಸರ ಲ್ಯಾಟಿನ್ ಆತನಿಗೆ ಬಾರದು. ತನ್ನ ಡಚ್ ನುಡಿಯಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅಲ್ಲಿಯವರು ಸಂದೇಹಪಟ್ಟರು. ಅದು ಅಕಾರಣವೂ ಅಲ್ಲ. ತನ್ನ ಅತ್ಯುತ್ತಮ ವಿಧಾನವನ್ನು ಆತ ಗುಟ್ಟಾಗಿಯೇ ಇಟ್ಟುಕೊಂಡಿದ್ದ. ಊರಿನ ಪಾದ್ರಿಗಳಿಂದ, ಗಣ್ಯರಿಂದ ಸಾಕ್ಷ್ಯಪತ್ರಗಳನ್ನು ಬರೆಸಿ ಕಳುಹಿಸಿದ. ಕೊನೆಗೆ 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಅಂಥದೇ ಮೆಣಸಿನ ನೀರನ್ನು ಸಭೆಯ ಮುಂದಿಟ್ಟು ತೋರಿಸಿದ ಮೇಲೆಯೇ ಸಂದೇಹ ನೀಗಿತು. 1680ರಲ್ಲಿ ಅದೇ ಸಂಸ್ಥೆ ಆ ವ್ಯಾಪಾರಿಯನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು.

ಮಸೂರಗಳು ಸುಧಾರಿಸಿದವು. ಆದರೆ ಬೆಳಕಿಗೇ ಒಂದು ಎಲ್ಲೆಯುಂಟೆಂದು 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬೆ ತೋರಿಸಿದ. ಬೆಳಕು ಅಲೆ. ಅದರ ತರಂಗಾಂತರದ ಸುಮಾರು ಅರ್ಧಕ್ಕಿಂತ, ಎಂದರೆ ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗಕ್ಕಿಂತ, ಹತ್ತಿರವಿರುವ ಎರಡು ಬಿಂದುಗಳು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಬೆರೆತು ಒಂದೇ ಆಗಿ ತೋರುತ್ತವೆ.

ಹಾಗಾದರೆ ಬೆಳಕನ್ನೇ ಬಿಡಬೇಕು. 1931ರಲ್ಲಿ ಬರ್ಲಿನ್ನಿನ ರುಸ್ಕ ಮತ್ತು ನೋಲ್ ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳನ್ನು, ಗಾಜಿಗೆ ಬದಲಾಗಿ ಕಾಂತಸುರುಳಿಗಳನ್ನು ಬಳಸಿದರು. 1933ರಲ್ಲಿ ರುಸ್ಕನ ಉಪಕರಣ ಬೆಳಕಿನ ಎಲ್ಲೆಯನ್ನು ದಾಟಿತು. ಆದರೆ ವಸ್ತುವನ್ನು ನಿರ್ವಾತದಲ್ಲಿರಿಸಬೇಕಾಯಿತು. ಮೆಣಸಿನ ನೀರಿನ ಜೀವಿಗೆ ಅಲ್ಲಿ ಉಳಿವಿಲ್ಲ.

1981ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಿನ್ನಿಗ್ ಮತ್ತು ರೋರರ್ ನೋಟವನ್ನೇ ಬಿಟ್ಟರು. ಲೋಹದ ಸೂಜಿಮೊನೆಯೊಂದನ್ನು ವಸ್ತುವಿಗೆ ತಾಗದಷ್ಟು ಸಮೀಪದಲ್ಲಿ ಸರಿಸಿದರು. ನಡುವಣ ತೆರಪನ್ನು ಹಾಯ್ದು ಎಲೆಕ್ಟ್ರಾನುಗಳು ಹರಿಯುತ್ತವೆ. ತೆರಪು ಒಂದು ಪರಮಾಣುವಿನಷ್ಟು ಹಿಗ್ಗಿದರೆ ಆ ಪ್ರವಾಹ ಸಾವಿರದಲ್ಲೊಂದು ಭಾಗದಷ್ಟಕ್ಕೂ ಇಳಿಯಬಲ್ಲದು. ಬೆರಳು ಬ್ರೈಲ್ ಲಿಪಿಯನ್ನು ಓದುವಂತೆ ಮೊನೆಯು ಪರಮಾಣುಗಳ ಏರುತಗ್ಗನ್ನು ಓದಿತು. ಸೂಕ್ಷ್ಮದರ್ಶಕವೆಂಬ ಮಾತಿನಲ್ಲಿ ದರ್ಶನವಿದೆ. ಇಲ್ಲಿರುವುದು ತಾಗದ ಸ್ಪರ್ಶ. 1986ರ ನೊಬೆಲ್ ಬಹುಮಾನದಲ್ಲಿ ಅರ್ಧ ಇವರಿಬ್ಬರಿಗೆ. ಉಳಿದರ್ಧ, ಐವತ್ತೈದು ವರ್ಷ ಕಾದ ರುಸ್ಕನಿಗೆ.

ಪರದೆಯ ಮೇಲೆ ಪರಮಾಣುಗಳ ಸಾಲು ಮೂಡಿದಾಗ ನಾವು ಕಾಣುವುದು ವಸ್ತುವನ್ನಲ್ಲ, ಅಳತೆಯಿಂದ ಬರೆದ ನಕ್ಷೆಯನ್ನು. ನಂಬುವುದು ಹೇಗೆ? ಉತ್ತರ ಮೆಣಸಿನ ನೀರಿನದೇ: ಒಬ್ಬ ಕಂಡದ್ದು ಮತ್ತೊಬ್ಬನಿಗೂ ಕಾಣಬೇಕು. ಉಪಕರಣ ಬದಲಾಗಿದೆ, ಗಾದೆ ಬದಲಾಗಿಲ್ಲ.